ಯಾರ ಜೋಳ ಉಂಡ ಯೋಧ?

ಮೇಜಿನ ಸುತ್ತ ಕೂತು ಆಡುವ ಕಲ್ಪನಾಲೋಕದ ಪಾತ್ರದಾಟಗಳಿಗೆ ಸ್ವಂತ ಯೋಧನನ್ನು ಕಟ್ಟಲು ಹೊರಟವರು ಸಾಮಾನ್ಯವಾಗಿ ಆಯುಧದಿಂದ ಶುರು ಮಾಡುತ್ತಾರೆ. ಕೈಯಲ್ಲಿ ಯಾವ ಕತ್ತಿ, ಒಂದು ಏಟಿಗೆ ಎಷ್ಟು ಪೆಟ್ಟು, ಎಷ್ಟನೇ ಮಟ್ಟಕ್ಕೆ ಎರಡನೇ ಏಟು, ಇವೆಲ್ಲ ಮೊದಲ ಪುಟದಲ್ಲೇ ಬಂದುಬಿಡುತ್ತವೆ. ಹೀಗೆ ಶುರು ಮಾಡಿದರೆ ಎಷ್ಟು ಹಳಗನ್ನಡದ ಹೆಸರಿಟ್ಟರೂ ಕೊನೆಗೆ ಕೈಗೆ ಸಿಗುವವನು ಅಮೆರಿಕದ ಯೋಧನೇ ಎಂಬುದು ನನ್ನ ವಾದ. ಈ ನೆಲದ ಯೋಧ ಬೇಕೆಂದರೆ ಮೊದಲು ಅವನು ಯಾರ ಜೋಳ ಉಂಡಿದ್ದಾನೆ ಎಂದು ಕೇಳಬೇಕು. ಉಳಿದ ಲೆಕ್ಕಗಳೆಲ್ಲ ಆಮೇಲಿನವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರ ಹಿಡಿದು ಅದರ ಬಾಯಾಗುತ್ತಾರೆ. ಕತ್ತಿ ಬೀಸಿದ್ದು ತಾಗಿತೋ ಇಲ್ಲವೋ ಎಂಬಂಥ ಅನುಮಾನದ ಜಾಗಗಳಲ್ಲಿ ದಾಳ ತೀರ್ಮಾನ ಹೇಳುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಈ ಜಾತಿಯ ಆಟಗಳ ಮೂಲಪುರುಷ. ಅದರಲ್ಲಿ ಮೊದಲಿಗೆ ಇದ್ದದ್ದು ಮೂರೇ ಬಗೆಯ ಪಾತ್ರ: ಕಾದುವವನು, ಮಂತ್ರವಾದಿ, ಪೂಜಾರಿ. ಕಳ್ಳ ಬಂದದ್ದು ಮರುವರ್ಷ. ಪಾತ್ರದ ಈ ಬಗೆಗೆ ಆಟಗಾರರು ಕ್ಲಾಸ್ ಅನ್ನುತ್ತಾರೆ. ಕಾದುವವನ ಕ್ಲಾಸಿಗೆ ಫೈಟರ್ ಎಂಬ ಹೆಸರು ನಿಂತುಬಿಟ್ಟಿದೆ.

ಈ ಫೈಟರ್ ಎಂಥವನು? 2014ರ ನಿಯಮಪುಸ್ತಕ ತೆಗೆದು ನೋಡಿ. ಪ್ರಾಣದ ಲೆಕ್ಕಕ್ಕೆ ಹತ್ತು ಮುಖದ ದಾಳ. ಮೊದಲ ಮಟ್ಟದಲ್ಲಿ ಕಾಳಗದ ನಡುವೆಯೇ ಒಮ್ಮೆ ಉಸಿರು ತೆಗೆದುಕೊಂಡು ಸುಧಾರಿಸಿಕೊಳ್ಳುವ ಶಕ್ತಿ, ಎರಡನೆಯದರಲ್ಲಿ ಒಂದೇ ಸರದಿಯಲ್ಲಿ ಎರಡು ಕೆಲಸ ಮಾಡುವ ಶಕ್ತಿ. ಐದನೇ ಮಟ್ಟಕ್ಕೆ ಎರಡು ಏಟು, ಹನ್ನೊಂದಕ್ಕೆ ಮೂರು, ಇಪ್ಪತ್ತಕ್ಕೆ ನಾಲ್ಕು. ಅಂದರೆ ಅವನ ಬಾಳಿನ ಏರಿಕೆಯೆಲ್ಲ ಏಟುಗಳ ಎಣಿಕೆ. ಅವನು ಎಲ್ಲಿಂದ ಬಂದ ಎಂದು ಹೇಳಲು ‘ಹಿನ್ನೆಲೆ’ ಎಂಬ ಅಂಕಣವೊಂದು ಇದೆ, ಅಲ್ಲಗಳೆಯುವುದಿಲ್ಲ. ಆದರೆ ಕಾಳಗ ಶುರುವಾದ ಮೇಲೆ ಆ ಅಂಕಣದತ್ತ ಯಾರೂ ತಿರುಗಿ ನೋಡಬೇಕಾಗಿಲ್ಲ. ಮೊದಮೊದಲ ಆವೃತ್ತಿಗಳಲ್ಲಂತೂ ಗುಹೆಯಿಂದ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅನುಭವದ ಅಂಕ ಸಿಗುತ್ತಿತ್ತು. ಯೋಧ ಬೆಳೆಯುವುದು ಕೊಳ್ಳೆಯಿಂದ ಎಂಬುದನ್ನು ಅಷ್ಟು ನೇರವಾಗಿ ಬರೆದಿದ್ದರು.

ಇದು ತಪ್ಪು ಅನ್ನುತ್ತಿಲ್ಲ. ಅವರು ಓದಿಕೊಂಡು ಬೆಳೆದ ಕಥೆಗಳು ಅಂಥವು. ರಾಬರ್ಟ್ ಹೋವರ್ಡ್‌ನ ಕೋನನ್, ಫ್ರಿಟ್ಜ್ ಲೈಬರ್‌ನ ಜೋಡಿ ಕತ್ತಿವರಸೆಗಾರರು ಊರಿಲ್ಲದ, ಒಡೆಯನಿಲ್ಲದ, ಇವತ್ತು ಇಲ್ಲಿ ನಾಳೆ ಅಲ್ಲಿ ಎನ್ನುವ ಜನ. ವಲಸೆ ಬಂದು ನೆಲೆಯೂರಿದ ನಾಡೊಂದು ತನ್ನ ಪುಂಡ ಸ್ವಾತಂತ್ರ್ಯದ ಕನಸನ್ನು ಆ ಪಾತ್ರದಲ್ಲಿ ಕಂಡಿತು. ನಾವು ಅದನ್ನೇ ಎತ್ತಿ ತಂದು ಮೇಲೊಂದು ರುಮಾಲು ಸುತ್ತಿದರೆ ನಮ್ಮವನಾಗುತ್ತಾನೆಯೇ ಅನ್ನುವುದಷ್ಟೇ ಪ್ರಶ್ನೆ.

ಹೈದರಾಬಾದಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ರಜೆಗೆ ನಮ್ಮೂರು ನಾಲವಾರಕ್ಕೆ ಬಂದಾಗ ಒಂದು ನೋಟುಬುಕ್ಕು ಮುಂದಿಟ್ಟ. ಅವನೂ ಅವನ ಗೆಳೆಯರೂ ವಾರಕ್ಕೊಮ್ಮೆ ಈ ಆಟ ಆಡುತ್ತಾರೆ. ‘ರಾಷ್ಟ್ರಕೂಟ ವೀರ’ ಅಂತ ಹೊಸ ಕ್ಲಾಸು ಬರೆದಿದ್ದ.

“ಮಾಮಾ, ಮಳಖೇಡ ನಮ್ಮ ಬಾಜೂಕೇ ಅದ. ರಾಷ್ಟ್ರಕೂಟರ ಫೈಟರ್ ನಾವ್ ಮಾಡ್ಲಾರ್ದ ಮತ್ಯಾರ್ ಮಾಡ್ತಾರ್ರೀ?”

“ಖರೇನೇ ಅದಪಾ. ಆದ್ರ ಇಂವ ಯಾರ ಮನ್ಯಾಗ ಉಣ್ತಾನ?”

“ಉಣ್ಣೂದು ರೂಲ್‌ನಾಗ ಬರಂಗಿಲ್ರೀ ಮಾಮಾ.”

ಬರಬೇಕು ಅನ್ನುವುದೇ ನನ್ನ ತಕರಾರು. ಹುಡುಗನ ನೋಟುಬುಕ್ಕಿನಲ್ಲಿ ಆನೆ ಇತ್ತು, ಖಡ್ಗ ಇತ್ತು, ಕಾಗಿಣಾ ನದಿಯ ದಂಡೆಯ ಕೋಟೆಯೂ ಇತ್ತು. ಆ ಕಾಲದ ಯೋಧನನ್ನು ಯೋಧನನ್ನಾಗಿ ಮಾಡಿದ ಸಂಗತಿಯೊಂದೇ ಇರಲಿಲ್ಲ.

ಕನ್ನಡ ಶಾಸನಗಳನ್ನು ಓದಿದವರಿಗೆ ಜೋಳವಾಳಿ, ವೇಳೆವಾಳಿ ಎಂಬ ಎರಡು ಕಟ್ಟುಪಾಡುಗಳು ಗೊತ್ತಿರುತ್ತವೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಇವುಗಳನ್ನು ವಿವರವಾಗಿ ಚರ್ಚಿಸುತ್ತದೆ. ಉಂಡ ಜೋಳದ ಋಣಕ್ಕೆ ಒಡೆಯನಿಗಾಗಿ ಕಾದುವುದು ಜೋಳವಾಳಿ. ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ಮೊದಲೇ ಭಾಷೆ ಕೊಟ್ಟು ಅದರಂತೆ ನಡೆಯುವುದು ವೇಳೆವಾಳಿ. ಎರಡನೆಯದರ ಮಾತು ಆಮೇಲೆ ಆಡೋಣ. ಮೊದಲನೆಯದಕ್ಕೂ ನಮ್ಮ ಸೇಡಂ, ಚಿತ್ತಾಪುರದ ಕರಿನೆಲಕ್ಕೂ ಬಿಡಿಸಲಾರದ ನಂಟು. ಹಿಂಗಾರಿಯಲ್ಲಿ ಬಿಳಿಜೋಳ ಬೆಳೆದು ರೊಟ್ಟಿ ತಟ್ಟುವ ಈ ಸೀಮೆಯಲ್ಲಿ ಅನ್ನದ ಋಣ ಅಂದರೆ ಜೋಳದ ಋಣವೇ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ರಾಷ್ಟ್ರಕೂಟರ ಸಾಮಂತ ಅರಿಕೇಸರಿಯ ಆಶ್ರಯದಲ್ಲಿದ್ದವನು, ಕವಿಯಷ್ಟೇ ಅಲ್ಲ, ಕಲಿಯೂ ಹೌದು. ತನ್ನ ಒಡೆಯನನ್ನು ಅರ್ಜುನನ ಜೊತೆ ಸಮೀಕರಿಸಿ ಕಾವ್ಯ ಕಟ್ಟಿದವನ ಕೈಯಲ್ಲೂ ಓದುಗರ ಎದೆಗೆ ಇಳಿದವನು ಕರ್ಣ. ತಾನು ಪಾಂಡವರ ಅಣ್ಣ ಎಂದು ತಿಳಿದ ಮೇಲೂ ದುರ್ಯೋಧನನ ಋಣ ಬಿಟ್ಟು ಬರಲಾರದವನು.

ಮಳಖೇಡದ ದೊರೆ ಮೂರನೇ ಕೃಷ್ಣನ ಕಾಲದ್ದೇ ಒಂದು ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕದ್ದು, 949–50ರದ್ದು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಸತ್ತ. ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ತನ್ನ ಬಂಟ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಒಡೆಯನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಎಂದು ಬರೆಸಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಚ್ಚಾಡುವ ಚಿತ್ರ ಇದೆ. ಇಡೀ ದಕ್ಷಿಣದ ರಾಜಕೀಯ ತಿರುಗಿದ ಯುದ್ಧದ ಸುದ್ದಿ ಹೊತ್ತ ಶಿಲೆಯಲ್ಲಿ ಕಣ್ಣಿಗೆ ರಾಚುವುದು ಒಂದು ನಾಯಿ.

ಆಟ ಕಟ್ಟುವವರು ಈ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಗೈಗ್ಯಾಕ್ಸನ ಯೋಧ ಗೆದ್ದ ಮೇಲೆ ನಾಣ್ಯ ಎಣಿಸುತ್ತಾನೆ. ಮಣಲೇರ ಕೇಳಿದ್ದು ಒಡೆಯನ ಮನೆಯ ಒಂದು ಜೀವವನ್ನು. ಅದನ್ನು ಪಡೆದ ಮೇಲೆ ಅವನು ಒಡೆಯನಿಗೆ ಇನ್ನಷ್ಟು ಹತ್ತಿರದವನಾದ, ಅಂದರೆ ಇನ್ನಷ್ಟು ಋಣಿಯಾದ. ಋಣ ತೀರಿಸಿದ್ದಕ್ಕೆ ಸಿಕ್ಕ ಬಹುಮಾನವೂ ಮತ್ತೊಂದು ಋಣ. ಇಂಥ ಚಕ್ರವನ್ನು ಅಂಕಿಗಳಲ್ಲಿ ಹಿಡಿಯಲು ಬರುತ್ತದೆಯೇ?

ಬರುತ್ತದೆ, ಅದೂ ಸುಲಭವಾಗಿ. ಪಾತ್ರದ ಹಾಳೆಯ ನೆತ್ತಿಯ ಮೇಲೆ ಅನ್ನ ಕೊಟ್ಟವರ ಹೆಸರು ಬರೆಯಿರಿ. ಒಬ್ಬ ನಾಯಕ ಇರಬಹುದು, ಒಂದು ಊರು ಇರಬಹುದು, ಗುರು ಇರಬಹುದು, ದನದ ಮಂದೆಯೂ ಇರಬಹುದು. ಪಕ್ಕದಲ್ಲಿ ಋಣದ ಲೆಕ್ಕ, ಮೂರರಿಂದ ಶುರು. ಅನ್ನದಾತ ಏನಾದರೂ ಕೊಟ್ಟಾಗಲೆಲ್ಲ ಒಂದು ಏರುತ್ತದೆ, ಅವನಿಗಾಗಿ ಮೈಮೇಲೆ ಗಾಯ ಮಾಡಿಕೊಂಡಾಗಲೆಲ್ಲ ಒಂದು ಇಳಿಯುತ್ತದೆ. ಆ ಋಣಕ್ಕಾಗಿ ಕಾದುವಾಗ, ಎಷ್ಟು ಋಣ ಇದೆಯೋ ಅಷ್ಟು ಸಲ ಬಿದ್ದ ದಾಳ ಎತ್ತಿ ಮತ್ತೆ ಎಸೆಯಬಹುದು. ಪ್ರಾಣದ ಲೆಕ್ಕ ಸೊನ್ನೆಗೆ ಇಳಿದ ಮೇಲೂ ಅನ್ನದಾತ ಕಣ್ಣಳತೆಯಲ್ಲಿದ್ದರೆ ಇನ್ನೊಂದು ಸರದಿ ನಿಂತು ಕಾದಬಹುದು. ಆದರೆ ಆಮೇಲೆ ಬದುಕಿಸುವ ದಾಳ ಇಲ್ಲ. ಋಣ ಸೊನ್ನೆಯಾದರೆ? ಅವನು ಬಿಡುಗಡೆಯಾದ, ಜೊತೆಗೆ ಸಾಮಾನ್ಯನೂ ಆದ. ಆಟಗಾರ ತನ್ನ ಶಕ್ತಿ ಉಳಿಸಿಕೊಳ್ಳಬೇಕೆಂದರೆ ಋಣವನ್ನು ತಾನೇ ಬೇಡಿ ಹೊತ್ತುಕೊಳ್ಳಬೇಕು, ಹೊತ್ತಷ್ಟೂ ಒಡೆಯನ ಮಾತಿಗೆ ಕಟ್ಟುಬೀಳಬೇಕು.

ಇದಕ್ಕೆ ಮೊದಲ ಆಕ್ಷೇಪ ಆಟಗಾರರಿಂದಲೇ ಬರುತ್ತದೆ. ಏನು ಬೇಕಾದರೂ ಮಾಡಬಹುದೆಂಬ ಸ್ವಾತಂತ್ರ್ಯಕ್ಕೇ ಈ ಆಟಕ್ಕೆ ಬಂದೆವು, ಇಲ್ಲೂ ಒಬ್ಬ ಸಾಹೇಬನ ಕಾಟವೇ ಅನ್ನುತ್ತಾರೆ. ಆಕ್ಷೇಪದಲ್ಲಿ ಹುರುಳಿದೆ. ವಾರವೆಲ್ಲ ಮೇಲಿನವರ ಮಾತು ಕೇಳಿ ಶನಿವಾರ ರಾತ್ರಿ ಆಟಕ್ಕೆ ಕೂತವನಿಗೆ ಮತ್ತೆ ಅದನ್ನೇ ಬಡಿಸಿದರೆ ಸಿಟ್ಟು ಬರದೆ ಇರುತ್ತದೆಯೇ? ಆದರೆ ಯಾವ ಗೊಬ್ಲಿನ್ನಿಗೆ ಮೊದಲು ಹೊಡೆಯಲಿ ಎಂಬ ಆಯ್ಕೆಗಿಂತ, ಅನ್ನ ಹಾಕಿದವನು ಅನ್ಯಾಯದ ಕೆಲಸಕ್ಕೆ ಕರೆದಾಗ ಏನು ಮಾಡಲಿ ಎಂಬ ಆಯ್ಕೆ ದೊಡ್ಡದು. ಕರ್ಣನನ್ನು ಸಾವಿರ ವರ್ಷದಿಂದ ಕನ್ನಡಿಗರು ಕೈಬಿಡದೆ ಇರುವುದು ಆ ಇಕ್ಕಟ್ಟಿಗಾಗಿ. ಆದ್ದರಿಂದ ನಿಯಮದಲ್ಲಿ ಋಣ ಮುರಿಯುವ ದಾರಿಯೂ ಇರಬೇಕು. ಮುರಿದವನಿಗೆ ಶಿಕ್ಷೆ ಬೇಡ. ಅವನ ಹಾಳೆಯ ನೆತ್ತಿಯ ಹೆಸರು ಹೊಡೆದುಹಾಕಿ, ಅಲ್ಲಿಂದ ಮುಂದೆ ಪುಸ್ತಕದ ಸಾದಾ ಫೈಟರ್ ನಿಯಮಗಳಲ್ಲಿ ಆಡಲಿ. ಊರಿಲ್ಲದ, ಒಡೆಯನಿಲ್ಲದ, ಚಿನ್ನ ಹುಡುಕುವವ. ಹೀಗೆ ನೋಡಿದರೆ ಗೈಗ್ಯಾಕ್ಸನ ಯೋಧ ನಮ್ಮ ಆಟದಲ್ಲಿ ಋಣ ಮುರಿದುಕೊಂಡು ಬಂದವನು. ಇದು ಸ್ವಲ್ಪ ಕುಚೋದ್ಯವೇ ಆಯಿತು, ಆದರೆ ನಿಯಮ ಚೆನ್ನಾಗಿ ನಡೆಯುತ್ತದೆ.

ಅದೇ ಆಟದಲ್ಲಿ ಪಾಲಡಿನ್ ಎಂಬ ವ್ರತಧಾರಿ ಯೋಧ 1975ರಿಂದಲೇ ಇದ್ದಾನಲ್ಲ, ಹೊಸದೇನಿದೆ ಎಂದು ತಿಳಿದವರು ಕೇಳಬಹುದು. ಪಾಲಡಿನ್ ಕಟ್ಟುಬೀಳುವುದು ಧರ್ಮ, ನ್ಯಾಯದಂಥ ದೊಡ್ಡ ಮಾತುಗಳಿಗೆ. ಆ ಮಾತುಗಳು ತಪ್ಪಾಗುವುದಿಲ್ಲ, ತಪ್ಪುವವನು ಅವನೊಬ್ಬನೇ. ಜೋಳವಾಳಿಯವನು ಕಟ್ಟುಬಿದ್ದದ್ದು ಮನುಷ್ಯನಿಗೆ. ಆ ಮನುಷ್ಯ ಕುಡಿಯಬಹುದು, ಸುಳ್ಳು ಹೇಳಬಹುದು, ಪಕ್ಕದ ಹಳ್ಳಿಗೆ ಬೆಂಕಿ ಇಡು ಅನ್ನಬಹುದು. ಯೋಧ ನೆಟ್ಟಗಿದ್ದು ಒಡೆಯ ಕೆಟ್ಟರೆ ಏನು ಎಂಬ ಪ್ರಶ್ನೆ ಪಾಲಡಿನ್‌ಗೆ ಏಳುವುದೇ ಇಲ್ಲ.

ಇನ್ನೊಂದು ಕೊರತೆಯನ್ನು ಫೈಟರ್ ಆಡಿದವರೆಲ್ಲ ಬಲ್ಲರು. ಕಾಳಗ ಮುಗಿದ ಕೂಡಲೇ ಅವನಿಗೆ ಕೆಲಸ ಇರುವುದಿಲ್ಲ. ಮಾತಾಡಲು ಕವಿ, ಬೀಗ ತೆಗೆಯಲು ಕಳ್ಳ, ಬೆಟ್ಟ ಹಾರಲು ಮಂತ್ರವಾದಿ; ಇವನು ಮೂಲೆಯಲ್ಲಿ ಕೂತು ಮುಂದಿನ ಜಗಳಕ್ಕೆ ಕಾಯುತ್ತಾನೆ. ಯೋಧನ ಬುದ್ಧಿ ಕೈಯಲ್ಲಷ್ಟೇ ಇರುತ್ತದೆಂಬ ನಂಬಿಕೆಗೆ ನಮ್ಮ ಸೀಮೆಯದೇ ಉತ್ತರವೊಂದಿದೆ. ನಾಲವಾರದಿಂದ ರೈಲಿನಲ್ಲಿ ಯಾದಗಿರಿಗೆ ಇಳಿದು ಸುರಪುರದ ದಾರಿ ಹಿಡಿದರೆ, ಅದರ ಆಚೆ ವಾಗಿನಗೇರಾ. 1705ರಲ್ಲಿ ಮುಪ್ಪಾದ ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇಲ್ಲಿಯದು. ಎದುರಿಗೆ ಬೇಡರ ಪಿಡ್ಡನಾಯಕ. ಮೊಗಲರ ಬಳಿ ಆನೆ, ಫಿರಂಗಿ, ಹೆಸರಾಂತ ಸರದಾರರು ಎಲ್ಲ ಇದ್ದರು. ಬೇಡರ ಬಳಿ ಇದ್ದದ್ದು ಗುಡ್ಡದ ಪರಿಚಯ, ಗುರಿ ತಪ್ಪದ ಬಂದೂಕು. ಇನ್ನೂ ಒಂದು ಇತ್ತು, ಮಾತು. ಸಂಧಿಯ ಮಾತುಕತೆ ತೆಗೆದು ದಿನ ತಳ್ಳಿದರು. ಆ ಹೊತ್ತಿಗೆ ಮರಾಠರ ದಂಡು ನೆರವಿಗೆ ಬಂತು. ಏಪ್ರಿಲ್‌ನಲ್ಲಿ ಕೋಟೆ ಬಿದ್ದಾಗ ನಾಯಕನೂ ಅವನ ಜನರೂ ಕೈಗೆ ಸಿಗದೆ ಹೊರಟುಹೋಗಿದ್ದರು. ಬಾದಶಹನಿಗೆ ದಕ್ಕಿದ್ದು ಖಾಲಿ ಕೋಟೆ.

ಲೋಹದ ಕವಚ ತೊಟ್ಟು ಮುಂದೆ ನಿಂತು ಏಟು ತಿನ್ನುವ ಫೈಟರ್ ಈ ಕಥೆಯಲ್ಲಿ ಒಂದು ದಿನ ಬಾಳುತ್ತಿರಲಿಲ್ಲ. ಆದ್ದರಿಂದ ನಮ್ಮ ಕ್ಲಾಸಿಗೆ ಎರಡು ಶಕ್ತಿ ಕೊಡುತ್ತೇನೆ. ಹಿಂದೊಮ್ಮೆ ನಡೆದು ನೋಡಿದ ನೆಲದ ಮೇಲೆ ಕಾಳಗವಾದರೆ ಬಂಡೆ, ಕಣಿವೆ, ನೀರಿನ ಜಾಗಗಳಲ್ಲಿ ಒಂದನ್ನು ಯೋಧನ ಆಟಗಾರನೇ ನಕ್ಷೆಯಲ್ಲಿ ಗುರುತಿಸಬಹುದು. ಕಥೆ ನಡೆಸುವವರು ಇಲ್ಲ ಅನ್ನುವಂತಿಲ್ಲ. ಇನ್ನು, ಕಾಳಗದ ನಡುವೆ ಒಮ್ಮೆ ಆಯುಧ ಇಳಿಸಿ ಮಾತಿಗೆ ಕರೆಯಬಹುದು, ಮಾತು ನಡೆಯುವಷ್ಟು ಸರದಿಗಳಲ್ಲಿ ಯಾರೂ ಹೊಡೆಯುವಂತಿಲ್ಲ. ಸಂಧಿ ನಿಜವೋ ನಾಟಕವೋ ಅವನಿಗೆ ಮಾತ್ರ ಗೊತ್ತು.

ಇಲ್ಲಿಗೆ ಬಂದಾಗ ಅಕ್ಕನ ಮಗ, “ಹಂಗಾದ್ರ ಕ್ಲಾಸಿಗಿ ಬೇಡ ಅಂತೇ ಹೆಸರಿಡೂಣಲ್ರೀ” ಅಂದ. ಅಲ್ಲಿ ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಒಂದು ಸಮುದಾಯದ ಹೆಸರನ್ನು ಕ್ಲಾಸಿಗಿಟ್ಟು ಅದಕ್ಕೆ ಗುರಿಕಾರಿಕೆ, ಧೈರ್ಯ ಇಂತಿಷ್ಟು ಅಂಕ ಎಂದು ಬರೆದ ಕೂಡಲೇ ನಾವು ಬಹಳ ಕೆಟ್ಟ ಹಾದಿಗೆ ಬೀಳುತ್ತೇವೆ. 1857ರ ನಂತರ ಬ್ರಿಟಿಷರು ಇವರು ಹುಟ್ಟು ಯೋಧರು, ಅವರು ಅಲ್ಲ ಎಂದು ಜನರನ್ನು ವಿಂಗಡಿಸಿ ಸೈನ್ಯಕ್ಕೆ ಸೇರಿಸಿಕೊಂಡರು. ಅದೇ ಲೆಕ್ಕದ ಇನ್ನೊಂದು ಮುಖ 1871ರ ಅಪರಾಧಿ ಬುಡಕಟ್ಟು ಕಾಯ್ದೆ. ಇವರು ಹುಟ್ಟು ಕಳ್ಳರು ಎಂಬ ಆ ಹಣೆಪಟ್ಟಿ ಕಾನೂನಿನಿಂದ ಅಳಿಯಲು 1952ರವರೆಗೆ ಕಾಯಬೇಕಾಯಿತು. ಹಲಗಲಿಯ ಬೇಡರು 1857ರಲ್ಲಿ ತಿರುಗಿಬಿದ್ದದ್ದು ಆಯುಧ ಒಪ್ಪಿಸಿ ಎಂಬ ಹುಕುಮಿನ ವಿರುದ್ಧ. ಅದು ಬದುಕಿನ, ಮರ್ಯಾದೆಯ ಪ್ರಶ್ನೆಯಾಗಿತ್ತು. ರಕ್ತದಲ್ಲೇ ಬಂದ ಗುಣ ಎಂದು ಬರೆದರೆ ಅವರು ಮಾಡಿದ್ದನ್ನೆಲ್ಲ ಅವರಿಂದ ಕಿತ್ತುಕೊಂಡ ಹಾಗೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟವೇ ಇದರಲ್ಲಿ ತಡವಾಗಿ ಬುದ್ಧಿ ಕಲಿತಿದೆ. ಹುಟ್ಟಿದ ಜನಾಂಗಕ್ಕೆ ಬಲ, ಬುದ್ಧಿಯ ಅಂಕ ಕೊಡುತ್ತಿದ್ದ ನಿಯಮ 2024ರ ಪುಸ್ತಕದಲ್ಲಿ ಹೋಯಿತು. ಆ ಅಂಕಗಳು ಈಗ ಪಾತ್ರ ಬೆಳೆದು ಬಂದ ಹಿನ್ನೆಲೆಗೆ ಸೇರಿವೆ. ಹುಟ್ಟಿನಿಂದ ಗುಣ ಹಂಚುವ ರೋಗದ ಅನುಭವ ನಮಗಿಂತ ಹೆಚ್ಚಿಗೆ ಯಾರಿಗಿದೆ? ನಾವು ಅದನ್ನು ಆಟದಲ್ಲಿ ಮತ್ತೆ ಬರೆಯುವುದು ನಾಚಿಕೆಗೇಡು.

ಪರಂಪರೆಯೂ ಬೇರೆ ದಾರಿ ತೋರಿಸುತ್ತದೆ. ಕಲ್ಯಾಣದ ಕ್ರಾಂತಿಯ ನಂತರ ಶರಣರು ಉಳವಿಗೆ ಹೊರಟಾಗ ವಚನಗಳ ಕಟ್ಟುಗಳನ್ನು ಕಾಯುತ್ತ ಬೆನ್ನಟ್ಟಿದ ಸೈನ್ಯದ ಎದುರು ನಿಂತು ಕಾದಿದವನು ಮಡಿವಾಳ ಮಾಚಯ್ಯ ಎಂದು ಜನ ನಂಬಿಕೊಂಡು ಬಂದಿದ್ದಾರೆ. ಬಟ್ಟೆ ಒಗೆಯುವ ಕಾಯಕದವನು. ನಮ್ಮ ಹಾಳೆಯಲ್ಲಿ ಅವನ ಅನ್ನದಾತರ ಜಾಗದಲ್ಲಿ ಯಾವ ಅರಸನ ಹೆಸರೂ ಬರುವುದಿಲ್ಲ, ಅನುಭವ ಮಂಟಪ ಅಂತ ಬರೆಯಬೇಕಾಗುತ್ತದೆ. ಊರಳಿವಿನಲ್ಲಿ, ತುರುಗೋಳಿನಲ್ಲಿ ಸತ್ತು ಕಲ್ಲಾದವರಲ್ಲೂ ಎಲ್ಲರೂ ಅರಸುಮಕ್ಕಳೇನಲ್ಲ. ದನ ಹೊಡೆದುಕೊಂಡು ಹೋಗಲು ಬಂದವರ ಎದುರು ಆ ಹೊತ್ತಿಗೆ ಊರಲ್ಲಿದ್ದವರು ನಿಂತರು. ಕಾದುವುದು ಹುಟ್ಟಿನಿಂದ ಬಂದದ್ದಲ್ಲ, ಆ ಗಳಿಗೆಯಲ್ಲಿ ಹೊತ್ತುಕೊಂಡದ್ದು.

ಹಾಗಂತ ವೀರಗಲ್ಲುಗಳು ಹೇಳುವುದೆಲ್ಲ ಸತ್ಯ ಎಂದು ನಂಬಲು ನಾನು ತಯಾರಿಲ್ಲ. ಕಲ್ಲು ಕೊರೆಸಿದವರು ಬದುಕಿ ಉಳಿದವರು, ಹಲವು ಸಲ ಒಡೆಯರೇ. ನನಗಾಗಿ ಸತ್ತವನು ಸ್ವರ್ಗಕ್ಕೆ ಹೋದ ಎಂದು ಸಾರುವುದರಿಂದ ಮುಂದೆ ಸಾಯುವವರು ಸಿಗುತ್ತಾರೆ. ಇದರ ಅತಿರೇಕ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬದಲ್ಲಿದೆ. ಎರಡನೇ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ಗರುಡ, ಅಂದರೆ ಒಡೆಯನೊಂದಿಗೇ ಸಾಯುವ ಭಾಷೆ ಕೊಟ್ಟಿದ್ದ ಕುವರ ಲಕ್ಷ್ಮ, ಹೆಂಡತಿ ಮತ್ತು ಸಂಗಡಿಗರ ಸಮೇತ ಪ್ರಾಣ ಕೊಟ್ಟದ್ದನ್ನು ಅದು ದಾಖಲಿಸುತ್ತದೆ. ತಲೆ ಕೊಯ್ದುಕೊಳ್ಳುವ ವೀರರ ಚಿತ್ರಗಳೂ ಇವೆ. ಆಟ ಬರೆಯುವವನಿಗೆ ಇದು ದೊಡ್ಡ ಆಮಿಷ: ‘ಗರುಡ’ ಎಂಬ ಉಪಕ್ಲಾಸು, ಇಪ್ಪತ್ತನೇ ಮಟ್ಟದ ಮಹಾಶಕ್ತಿ! ಬೇಡ ಅನ್ನುತ್ತೇನೆ. ಜೋಳವಾಳಿಯಲ್ಲಿ ಕಾದುವವನಿಗೆ ಗೆಲ್ಲುವ, ಬದುಕುವ, ಋಣ ಮುರಿಯುವ ಅವಕಾಶವಿದೆ. ವೇಳೆವಾಳಿಯಲ್ಲಿ ಆಯ್ಕೆ ಮುಗಿದುಹೋಗಿದೆ, ಆಯ್ಕೆ ಇಲ್ಲದ ಕಡೆ ಆಟ ಇಲ್ಲ. ಅದನ್ನು ಕಥೆಯಲ್ಲಿ ತನ್ನಿ, ಎದುರಾಳಿಯ ಕಡೆಯ ಭಯಂಕರ ನಿಷ್ಠೆಯಾಗಿ ತೋರಿಸಿ. ಆಟಗಾರನಿಗೆ ಬಹುಮಾನವಾಗಿ ಕೊಡಬೇಡಿ.

ಋಣ ಒಡೆಯನಿಗೂ ಇರಬೇಕಲ್ಲವೇ? ಭೀಮೆಯ ದಂಡೆಯ ಸನ್ನತಿ ನಮ್ಮಲ್ಲಿಂದ ದೂರವಿಲ್ಲ. 1986ರಲ್ಲಿ ಚಂದ್ರಲಾಂಬೆಯ ಗುಡಿ ಆವರಣದ ಕಾಳಿಯ ಗುಡಿ ಕುಸಿದಾಗ ಮೂರ್ತಿಯ ಪೀಠವಾಗಿದ್ದ ಬಂಡೆಯ ಮೇಲೆ ಅಶೋಕನ ಶಾಸನ ಕಂಡಿತು. ಕಳಿಂಗದ ಧೌಳಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಪ್ರತ್ಯೇಕ ಶಾಸನಗಳು ಇಲ್ಲೂ ಇವೆ. ಜನರೆಲ್ಲ ತನ್ನ ಮಕ್ಕಳಿದ್ದಂತೆ, ಅವರಿಗೆ ಕಾರಣವಿಲ್ಲದೆ ಸೆರೆ, ಹಿಂಸೆ ಆಗಬಾರದು ಎಂದು ಅಧಿಕಾರಿಗಳನ್ನು ಎಚ್ಚರಿಸುವ ಮಾತು ಆ ಶಾಸನಗಳದು. ಗೆದ್ದ ಒಡೆಯನೇ ತನ್ನ ಋಣವನ್ನು ಒಪ್ಪಿಕೊಂಡ ಹಾಗೆ ನನಗೆ ಅದು ಕೇಳಿಸುತ್ತದೆ. ಆದ್ದರಿಂದ ಲೆಕ್ಕ ಎರಡೂ ಕಡೆ ಇರಲಿ. ಯೋಧ ಮೂರು ಸಲ ಗಾಯಗೊಂಡ ಮೇಲೆ ಒಡೆಯ ಅವನ ಒಂದು ಮಾತು ನಡೆಸಿಕೊಡಲೇಬೇಕು. ಇಲ್ಲವಾದರೆ ಋಣ ತಾನೇ ಕಡಿಯುತ್ತದೆ, ಯೋಧನ ಶಕ್ತಿ ಹಾಗೇ ಉಳಿಯುತ್ತದೆ.

ಮಟ್ಟ ಏರುವುದು ಹೇಗೆ? ಚಿನ್ನದ ಲೆಕ್ಕ ಬೇಡ, ಕೊಂದವರ ಲೆಕ್ಕವೂ ಬೇಡ. ನಮ್ಮ ಜಾತ್ರೆಗಳ ಕುಸ್ತಿ ಕಣ ನೋಡಿದವರಿಗೆ ಉತ್ತರ ಗೊತ್ತು. ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ, ರೊಕ್ಕದ ಕುಸ್ತಿಗಳು ಮುಗಿದು, ಹೊತ್ತು ಇಳಿಯುವಾಗ ಬೆಳ್ಳಿ ಖಡೆಯ ಕುಸ್ತಿ ಬರುತ್ತದೆ. ಹಲಗಿ ಬಡಿಯುತ್ತಿರುತ್ತದೆ, ಪೈಲ್ವಾನ ಕಣದ ಸುತ್ತ ಒಂದು ಸುತ್ತು ಬಂದು ಎದುರಾಳಿ ಯಾರು ಎಂದು ತೊಡೆ ತಟ್ಟುತ್ತಾನೆ. ಯಾರ ಕೈ ಯಾರಿಗೆ ಸರಿಜೋಡಿ ಎಂದು ನಿಕ್ಕಿ ಮಾಡುವುದು ಕಣದ ಹಿರಿಯರು, ಖಡೆ ತೊಡಿಸುವುದು ಊರು. ಒಳಗೊಳಗೇ ತಾನು ದೊಡ್ಡವನಾದೆ ಎಂದರೆ ನಡೆಯುವುದಿಲ್ಲ. ಅದೇ ರೀತಿ ಈ ಕ್ಲಾಸಿನವನು ಹತ್ತು ಜನರ ಎದುರು ಸಾರಿ ಹೇಳಿದ ಕೆಲಸ ಮಾಡಿ ಬಂದಾಗ ಮಾತ್ರ ಮಟ್ಟ ಏರಬೇಕು, ಅದನ್ನು ಮೇಜಿನ ಉಳಿದ ಆಟಗಾರರು ಒಪ್ಪಬೇಕು. ಸೋತು ಬಂದರೂ ಪರವಾಗಿಲ್ಲ. ಚೆನ್ನಾಗಿ ಸೋತವನಿಗೆ ಚಪ್ಪಾಳೆ ಹೊಡೆಯದ ಕಣವನ್ನು ನಾನು ಕಂಡಿಲ್ಲ.

ದಾಳದ ವಿಷಯ ಚಿಕ್ಕದು, ಆದರೆ ಹೇಳದೆ ಬಿಡಲಾರೆ. ಇಪ್ಪತ್ತು ಮುಖದ ದಾಳದಲ್ಲಿ ಒಂದೂ ಇಪ್ಪತ್ತೂ ಬೀಳುವ ಸಾಧ್ಯತೆ ಒಂದೇ, ನೂರಕ್ಕೆ ಐದು. ವರ್ಷಗಟ್ಟಲೆ ಸಾಮು ಮಾಡಿದ ಕೈ ಹಾಗೆ ಹೊಯ್ದಾಡುವುದಿಲ್ಲ. ನಮ್ಮ ಚೌಕಾಬಾರದ ನಾಲ್ಕು ಕವಡೆ ತೆಗೆದುಕೊಳ್ಳಿ. ಕವಡೆ ಎರಡೂ ಕಡೆ ಸಮಾನವಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ಹದಿನಾರು ಸಾಧ್ಯತೆಗಳಲ್ಲಿ ಎರಡು ಬೀಳುವುದು ಆರು ಸಲ, ಒಂದೂ ಮೂರೂ ನಾಲ್ಕು ನಾಲ್ಕು ಸಲ. ನಾಲ್ಕು ಬೀಳುವುದು ಒಂದೇ ಸಲ, ಎಂಟೂ ಅಷ್ಟೇ. ಪಳಗಿದ ಕೈ ಹೆಚ್ಚಿನ ಹೊತ್ತು ನಡುವೆ ನಿಲ್ಲುತ್ತದೆ, ಎಲ್ಲೋ ಒಮ್ಮೆ ಎಂಟು ಬಿದ್ದು ಕಣವೆಲ್ಲ ಕೇಕೆ ಹಾಕುತ್ತದೆ. ಎದುರಾಳಿಯ ಕಾಯಿ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ಚೌಕಾಬಾರದ ನಿಯಮವನ್ನು ಯೋಧನಿಗೆ ಅನ್ವಯಿಸಿದರೆ ಏನಾಗುತ್ತದೆ ಎಂದು ಹುಡುಗರೇ ಆಡಿ ನೋಡಲಿ.

ಈ ಯೋಧ ಸತ್ತಾಗ ಏನಾಗಬೇಕು ಎಂಬುದರ ಮೇಲೆ ನನಗೆ ಆಸೆ ಹೆಚ್ಚು. 2014ರ ನಿಯಮದಲ್ಲಿ ಪ್ರಾಣ ಸೊನ್ನೆಯಾದವನು ದಾಳ ಎಸೆಯುತ್ತ ಹೋಗುತ್ತಾನೆ. ಹತ್ತು ಅಥವಾ ಮೇಲ್ಪಟ್ಟು ಬಿದ್ದರೆ ಗೆಲುವು, ಕೆಳಗೆ ಬಿದ್ದರೆ ಸೋಲು. ಮೂರು ಸೋಲಾದರೆ ಹಾಳೆ ಹರಿದು ಹೊಸದು ಬರೆಯಬೇಕು. ವೀರಗಲ್ಲು ಸಾವನ್ನು ಹಾಗೆ ಮುಗಿಸುವುದಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ. ಸನ್ನತಿಯ ಶಾತವಾಹನ ಕಾಲದ ಸ್ಮಾರಕಶಿಲೆಗಳಲ್ಲೂ ಇದೇ ಸೀಮೆಯ ಸುಣ್ಣಕಲ್ಲಿನ ಮೇಲೆ ಸತ್ತವರನ್ನು ಪಟ್ಟಿಕೆಗಳಲ್ಲಿ ಕೊರೆದು ನಿಲ್ಲಿಸಿದ್ದಾರೆ. ಹಾಗಾಗಿ ಜೋಳವಾಳಿಯ ಯೋಧ ಸತ್ತಾಗ ಆಟ ಅರ್ಧ ಗಂಟೆ ನಿಲ್ಲಲಿ. ಮೂವರು ಆಟಗಾರರು ಮೂರು ಪಟ್ಟಿಕೆಗಳನ್ನು ಹೇಳಲಿ, ಸತ್ತವನ ಆಟಗಾರ ಸುಮ್ಮನೆ ಕೇಳಲಿ. ಅವರು ಸುಳ್ಳು ಸೇರಿಸಿದರೂ ಅವನು ತಿದ್ದುವಂತಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಡುವ ನೆತ್ತರುಕೊಡಗಿ, ಬಾಳ್ಗಳ್ಚು ಎಂಬ ಪದ್ಧತಿಗಳಿದ್ದವು. ಆಟದಲ್ಲೂ ಅವನ ಮುಂದಿನ ಪಾತ್ರ ಆ ಭೂಮಿಯ ಒಡೆತನದೊಂದಿಗೆ ಹುಟ್ಟಲಿ. ಅದರೊಂದಿಗೇ ಆ ಭೂಮಿ ಕೊಟ್ಟವನ ಋಣವೂ ಮೂರು ಅಂಕ ಬರಲಿ.

ಇದನ್ನೆಲ್ಲ ಬರೆದು ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲ. 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರತರುವ ಕಂಪನಿ ತನ್ನ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿದೆ. ಮೂಲ ಯಾರದು ಎಂದು ನಮೂದಿಸಿದರೆ ಸಾಕು, ಕನ್ನಡದಲ್ಲಿ ಬರೆದು ವಾಡಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿ ಮಾರಲೂಬಹುದು.

ಉಳಿದದ್ದು ಒಂದು ತಗಾದೆ. ಅನ್ನದಾತನ ಪಾತ್ರವನ್ನು ಕಥೆ ನಡೆಸುವವರೇ ಆಡಬೇಕು ಅನ್ನುತ್ತಾನೆ ಅಕ್ಕನ ಮಗ. ಆಟದ ರೂಢಿ ಹಾಗಿದೆ. ನನ್ನ ಪ್ರಕಾರ ಮೇಜಿನ ಸುತ್ತ ಕೂತ ಇನ್ನೊಬ್ಬ ಆಟಗಾರ ಅದನ್ನು ಆಡಬೇಕು. ಕಥೆ ನಡೆಸುವವರ ಕೈಯಲ್ಲಿ ಒಡೆಯ ಬರೀ ಕೆಲಸ ಹೇಳುವ ಯಂತ್ರವಾಗುತ್ತಾನೆ, ಅವನ ಮಾತು ಮೀರಲು ಯಾರಿಗೂ ಸಂಕೋಚ ಆಗುವುದಿಲ್ಲ. ಅದೇ ಪಕ್ಕದಲ್ಲಿ ಕೂತ ಗೆಳೆಯ, ಈಗಷ್ಟೇ ತನ್ನ ತಟ್ಟೆಯ ಮಿರ್ಚಿ ಭಜಿ ಹಂಚಿಕೊಂಡವನು, ಒಡೆಯನಾಗಿ ಕೂತು “ಹೋಗು, ಆ ಹಳ್ಳಿ ಸುಡು” ಅಂದಾಗ, ಆಗುವುದಿಲ್ಲ ಎಂದು ಅವನ ಮುಖ ನೋಡಿ ಹೇಳಬೇಕು. ನಿಯಮದ ಕರಡಿನಲ್ಲಿ ಸದ್ಯಕ್ಕೆ ಎರಡೂ ಬಗೆ ಬರೆದಿದ್ದೇವೆ, ಅವನ ಗುಂಪು ಮುಂದಿನ ಶನಿವಾರ ನನ್ನದನ್ನು ಆಡಿ ನೋಡುತ್ತದಂತೆ.